ಟ್ರಾಲಿ ಹಿಡಿದು ನಡೆದ ನಮ್ಮತ್ತೆ

ಶಸ್ತ್ರಚಿಕಿತ್ಸೆಗೆ ಮಂಜೂರಾತಿ ಕೊಡುವ ಕಚೇರಿಯ ಮಾನ್ಯ ವೈದ್ಯಾಧಿಕಾರಿಗಳೇ,

ನಮ್ಮತ್ತೆಯವರ ಬೆನ್ನಿನ ಆಪರೇಷನ್ನಿಗೆ ನೀವು ಒಪ್ಪಿಗೆ ಕೊಟ್ಟಿಲ್ಲ. ‘ರೋಗಿಯು ಕಾರಿಡಾರಿನ ಉದ್ದಕ್ಕೂ ಸಲೀಸಾಗಿ ನಡೆದಿದ್ದು, ಶಸ್ತ್ರಚಿಕಿತ್ಸೆಯ ಅಗತ್ಯ ಕಂಡುಬರುವುದಿಲ್ಲ’ ಎಂದು ಬರೆದಿದ್ದೀರಿ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ನನಗೂ ಒಂದೇ ಓದಿಗೆ ಅರ್ಥವಾಗುವಷ್ಟು ಸ್ಪಷ್ಟ ಕನ್ನಡ! ಸುಳ್ಳೂ ಅಲ್ಲ, ಅವರು ನಡೆದರು. ಹೇಗೆ ನಡೆದರು ಎಂಬುದನ್ನು ನೀವು ಬರೆದಿಲ್ಲ. ಅದನ್ನು ನಾನು ಬರೆಯುತ್ತೇನೆ.

ನನಗೆ ಮದುವೆಯಾಗಿ ಎಂಬತ್ತೊಂದು ದಿನ. ಇನ್ನೂ ದಿನ ಎಣಿಸುತ್ತಿದ್ದೇನೆ, ನಗಬೇಡಿ. ನಮ್ಮತ್ತೆ ದರ್ಜಿ; ನನ್ನ ಮದುವೆಯ ಉಡುಪಿನ ಒಂದೊಂದು ಹೊಲಿಗೆಯೂ ಅವರದೇ. ಇಂಥ ಗಂಡ, ಇಂಥ ಅತ್ತೆ ಯಾರಿಗುಂಟು ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ. ಆಮೇಲೆ ಫೋಟೋಗಳು ಬಂದವು. ಒಂದೊಂದರಲ್ಲೂ ಅತ್ತೆ ಯಾವುದೋ ಕುರ್ಚಿಯನ್ನು ಹಿಡಿದು ಮುಂದಕ್ಕೆ ಬಾಗಿ ನಿಂತಿದ್ದಾರೆ. ಸಂಕೋಚದ ಸ್ವಭಾವ ಅಂದುಕೊಂಡಿದ್ದೆ.

ಸ್ಕ್ಯಾನ್ ನೋಡಿದ ಸರ್ಜನ್ ಬಿಡಿಸಿ ಹೇಳಿದರು: ಸೊಂಟದ ಹತ್ತಿರ ಬೆನ್ನುಮೂಳೆಯೊಳಗೆ ನರಗಳ ದಾರಿ ಕಿರಿದಾಗಿದೆ. ನೆಟ್ಟಗೆ ನಿಂತರೆ ಇನ್ನಷ್ಟು ಬಿಗಿಯುತ್ತದೆ, ಬಾಗಿದರೆ ಸಡಿಲವಾಗುತ್ತದೆ. ಅದಕ್ಕೇ ಹೊಲಿಗೆ ಯಂತ್ರದ ಮುಂದೆ ಕೂತಾಗ ಏನೂ ಇಲ್ಲ. ಎದ್ದು ಹತ್ತು ಹೆಜ್ಜೆ ಹಾಕಿದರೆ ಕಾಲು ಮರಗಟ್ಟುತ್ತದೆ. ಮಾತ್ರೆ, ವ್ಯಾಯಾಮ, ಇಂಜೆಕ್ಷನ್ ಎಲ್ಲ ನನ್ನ ಮದುವೆಗೆ ಮೊದಲೇ ಮುಗಿದಿದ್ದವು. ಉಳಿದದ್ದು ಶಸ್ತ್ರಚಿಕಿತ್ಸೆ. ನರಗಳ ದಾರಿಗೆ ಚಾವಣಿಯಂತಿದ್ದು ಅವನ್ನು ಒತ್ತುತ್ತಿರುವ ಮೂಳೆಯನ್ನು ತೆಗೆಯಬಹುದು, ಅಥವಾ ಸಣ್ಣ ರಂಧ್ರ ಮಾಡಿ ಅಲ್ಲಿಂದಲೇ ಅಷ್ಟಿಷ್ಟು ಕೆರೆದು ಜಾಗ ಮಾಡಬಹುದು. ಮೂಳೆ ಜಾರಿದ್ದರೆ ಸ್ಕ್ರೂ ಹಾಕಿ ಬೆಸೆಯುವುದೂ ಉಂಟು. ಅತ್ತೆಯ ಮೂಳೆ ಜಾರಿಲ್ಲ, ಬೆಸುಗೆ ಬೇಡ, ಚಾವಣಿ ತೆಗೆದರೆ ಸಾಕು ಎಂದರು.

“ಅಂದ್ರೆ ಬಿಗಿ ಇರೋ ಕಡೆ ಬಿಚ್ಚಿ ಸಡಿಲ ಮಾಡ್ತೀರಿ. ಇದಕ್ಕೆ ಅಷ್ಟು ವರ್ಷ ಓದ್ಬೇಕಾ ಡಾಕ್ಟ್ರೇ?” ಅಂದರು ಅತ್ತೆ. ಸರ್ಜನ್ ನಕ್ಕರು. ನಂತರ ನನ್ನ ಕಡೆ ತಿರುಗಿ, ಎಡಪಾದ ಸೋಲತೊಡಗಿದೆ, ತಡ ಮಾಡಿದರೆ ಅದು ಮೊದಲಿನಂತಾಗುವ ಭರವಸೆ ಕೊಡಲಾರೆ ಎಂದರು.

ಆಮೇಲೆ ನಿಮ್ಮ ಕಾರಿಡಾರು. ಆ ಕೊನೆಯವರೆಗೂ ನಡೆದು ಬನ್ನಿ ಎಂದು ನೀವು ಕುರ್ಚಿಯಿಂದಲೇ ಅಪ್ಪಣೆ ಕೊಟ್ಟಿರಿ. ಅತ್ತೆ ಬೀಳಬಾರದೆಂದು, ಗೋಡೆಯ ಪಕ್ಕ ಇದ್ದ ಫೈಲಿನ ಟ್ರಾಲಿಯನ್ನು ತಂದುಕೊಟ್ಟವಳು ನಾನೇ. ಅದರ ಮೇಲೆ ಬಾಗಿದ್ದೇ ತಡ, ನರಗಳಿಗೆ ಜಾಗ ಸಿಕ್ಕಿತು. ಹೋದರು ನೋಡಿ ಅತ್ತೆ, ಸುಯ್ಯನೆ! “ಇದನ್ನ ಮನೆಗೆ ಕೊಡ್ತಾರಾ ಕೇಳಮ್ಮ” ಅಂದರು. ನಾನು ಚಪ್ಪಾಳೆ ತಟ್ಟಿದೆ. ನೀವು ಪೆನ್ ತೆಗೆದಿರಿ.

ಕಾಯಿಲೆಯ ಲಕ್ಷಣವೇ ನಿಮ್ಮ ಕಡತದಲ್ಲಿ ಆರೋಗ್ಯದ ಪುರಾವೆಯಾಯಿತು. ನನಗೆ ತಿಳಿಯಲಿಲ್ಲ, ನಾನು ಪುಟ್ಟ ಮಕ್ಕಳಿಗೆ ಚಿತ್ರ ಬಿಡಿಸಲು ಕಲಿಸುವವಳು. ನೀವು ಏನು ಓದಿದ್ದು, ಸ್ವಾಮಿ?

ಮರುಪರಿಶೀಲನೆ ಆರು ತಿಂಗಳ ನಂತರವಂತೆ. ನಮ್ಮದು ಮೂರನೆಯ ಮಹಡಿ, ಲಿಫ್ಟ್ ಇಲ್ಲ. ಅಂದು ಹತ್ತಿದ ಅತ್ತೆ ಮತ್ತೆ ಇಳಿದಿಲ್ಲ. ಯಂತ್ರದಿಂದ ಮಂಚ, ಮಂಚದಿಂದ ಬಚ್ಚಲು, ಅಷ್ಟೇ ಅವರ ಊರು. ನಾನೂ ನನ್ನವರೂ ಒಟ್ಟಿಗೆ ಹೊರಗೆ ಹೋಗುವುದಿಲ್ಲ. ಒಬ್ಬರು ಬಂದ ಮೇಲೆ ಇನ್ನೊಬ್ಬರು. “ಇಬ್ರೂ ಹೋಗಿ ಬನ್ನಿ, ನಾನೇನು ಓಡಿ ಹೋಗ್ತೀನಾ?” ಅನ್ನುತ್ತಾರೆ. ಮೊನ್ನೆ ಬಚ್ಚಲಿಗೆ ಹೋಗುವಾಗ ಅವರ ಎಡಗಾಲಿನ ಚಪ್ಪಲಿ ಅಡುಗೆಮನೆಯ ಬಾಗಿಲಲ್ಲೇ ಉಳಿದಿತ್ತು. ಕಳಚಿದ್ದೇ ಅವರಿಗೆ ಗೊತ್ತಾಗಿರಲಿಲ್ಲ. ನಾನು ಎತ್ತಿಕೊಟ್ಟೆ. ಆ ದಿನ ಅವರು ತಮಾಷೆ ಮಾಡಲಿಲ್ಲ.

ಆದ್ದರಿಂದ ಈ ವಾರವೇ ಮರುಪರೀಕ್ಷೆ ಮಾಡಿ. ಅವರು ಇಳಿಯಲಾರರು, ನೀವೇ ಮೂರು ಮಹಡಿ ಹತ್ತಿ ಬನ್ನಿ. ಕೈ ಖಾಲಿ, ಬೆನ್ನು ನೆಟ್ಟಗೆ, ನಿಮ್ಮ ಪಕ್ಕದಲ್ಲೇ ಅವರನ್ನು ನಡೆಸಿ, ಹೆಜ್ಜೆಗಳನ್ನು ನೀವೇ ಎಣಿಸಿ. ಈ ಸಲ ನಾನು ಗೋಡೆಗೆ ಒರಗಿ ಕೈಕಟ್ಟಿ ನಿಂತಿರುತ್ತೇನೆ. ಅವರು ತೂರಾಡಿದರೂ ಏನನ್ನೂ ತಂದುಕೊಡುವುದಿಲ್ಲ.

ಇಂತಿ,
ನಿಮ್ಮ ಕಾರಿಡಾರಿನಲ್ಲಿ ಚಪ್ಪಾಳೆ ತಟ್ಟಿದ ಸೊಸೆ