ಬಾಲುವಿನ ಮೀಸೆ

ಜನವರಿ ೧೨, ೨೦೦೨, ಶನಿವಾರ

ಎಂದಿನಂತೆ ಓಕ್ ಬ್ರೂಕ್, ಚರ್ಚಿನ ಬೇಸ್‌ಮೆಂಟ್, ಕುಡಿತ ಬಿಡುವವರ ಸಭೆ. ಕೆಟ್ಟ ಕಾಫಿ, ಮಡಚುವ ಕುರ್ಚಿ. ನಮ್ಮವರು ಕುಡಿಯುವುದೂ ಬೇಸ್‌ಮೆಂಟಿನಲ್ಲೇ, ಬಿಡುವುದೂ ಬೇಸ್‌ಮೆಂಟಿನಲ್ಲೇ. ಗುಂಪಿನ ಹಿರಿಯ ಡಗ್ ಎಲ್ಲರನ್ನೂ ಕೇಳಿದ — ಯಾರಿಗಾಗಿ ಕುಡಿತ ಬಿಡುತ್ತಿದ್ದೀರಿ? ಒಬ್ಬ ಮಗಳಿಗಾಗಿ ಅಂದ. ಒಬ್ಬಳು ದೇವರಿಗಾಗಿ. ನಾನು? ಲಿವರ್ ಡಾಕ್ಟರು ಹೆದರಿಸಿದ ದಿನವೇ ಸಂಜೆ ಕುಡಿದವನು. ನಿಜ ಹೇಳಿಬಿಟ್ಟೆ: ಬಾಲುವಿನ ಮುಖ ಹುಳ್ಳಗಾಗುವುದನ್ನು ನೋಡಲು.

ಬಾಲು ನನ್ನ ಗೆಳೆಯ. ಗ್ಲೆಂಡೇಲ್ ಹೈಟ್ಸಿನಲ್ಲಿ ಮನೆ, ಅದರ ಬೇಸ್‌ಮೆಂಟಿನಲ್ಲಿ ಸ್ವಂತ ಬಾರು. ನ್ಯೂ ಇಯರ್ ಪಾರ್ಟಿಯಲ್ಲಿ ಎಲ್ಲರೆದುರು ಅಂದಿದ್ದ: “ರಾಮು ಬಿಡ್ತಾನಂತೆ! ಯುಗಾದಿವರೆಗೆ ತಡ್ಕೊಂಡ್ರೆ ನನ್ನ ಮೀಸೆ ಬೋಳಿಸ್ತೀನಿ.”

ಡಗ್ ನಗಲಿಲ್ಲ. ಹಠವೂ ನಡೆಯುತ್ತದಂತೆ.

ಜನವರಿ ೨೬

ಬಾಲು ಮಗಳ ಬರ್ತ್‌ಡೇ. ಗಂಡಸರೆಲ್ಲ ‘ಹೀಟರ್ ನೋಡಿ ಬರಲು’ ಕೆಳಗಿಳಿದರು. ಹೀಟರಿಗೆ ಇಷ್ಟು ಜನ ಭಕ್ತರು! ನಾನು ಮೇಲೆ, ಹೆಂಗಸರ ಜತೆ. ಸೌತೆಕಾಯಿ ಹೆಚ್ಚುವ ಹುದ್ದೆ. ಹೆಂಡತಿ ಸರಳಾ ಮೇಲಧಿಕಾರಿ: “ರೀ, ಸಣ್ಣಗೆ ಹೆಚ್ರೀ. ಕೋಸಂಬ್ರಿ ಇದು, ಸೌದೆಯಲ್ಲ.”

ಕೆಳಗಿಂದ ಬಾಲು ಕೂಗಿದ: “ರಾಮೂ, ಬಳೆ ತರಿಸ್ಲೇನೋ?”

“ತರ್ಸಪ್ಪಾ. ಸೈಜು ದೊಡ್ಡದಿರ್ಲಿ!”

ಕೆಳಗೆ ಗ್ಲಾಸು ತಾಗುವ ಸದ್ದು. ಆದರೂ ಸಣ್ಣಗೇ ಹೆಚ್ಚಿದೆ.

ಫೆಬ್ರವರಿ ೨೩

ಇಷ್ಟು ದಿನ ಕೈಯಲ್ಲಿ ಪೆನ್ನಿರಲಿಲ್ಲ. ಗ್ಲಾಸಿತ್ತು.

ಇವತ್ತು ಮತ್ತೆ ಬೇಸ್‌ಮೆಂಟ್ — ಚರ್ಚಿನದು. ಡಗ್ ಬೈಯಲಿಲ್ಲ, ಕುರ್ಚಿ ಬಿಡಿಸಿ ಹಾಕಿದ. ಬಾಲು ತಾನು ಗೆದ್ದೆ ಅಂದುಕೊಂಡಿದ್ದಾನೆ. ಅಂದುಕೊಳ್ಳಲಿ. ಯಾವ ವರ್ಷದ ಯುಗಾದಿ ಅಂತ ಅವನೇನೂ ಹೇಳಿರಲಿಲ್ಲವಲ್ಲ!

ಏಪ್ರಿಲ್ ೨, ೨೦೦೩, ಯುಗಾದಿ

ಹೋದ ವರ್ಷದ ಫೆಬ್ರವರಿಯಿಂದ ಗ್ಲಾಸು ಮುಟ್ಟಿಲ್ಲ. ಬಾಲುವಿಗೆ ಫೋನ್ ಮಾಡಿ ರೇಗಿಸಬೇಕು ಅಂತ ಮಾತು ಜೋಡಿಸುತ್ತಿದ್ದೆ. ಅವನೇ ಬಾಗಿಲಿಗೆ ಬಂದ. ಮೀಸೆ ಬೋಳಿಸಿದ್ದ. ನಗೋಣವೆಂದರೆ ನಗು ಬರಲಿಲ್ಲ — ಮುಖ ಬಾತಿತ್ತು, ಕಣ್ಣು ಹಳದಿ.

“ಗೆದ್ದೆ ಬಿಡೋ,” ಅಂದ. ಸರಳಾ ಒಳಗೆ ಹೋಗುವ ತನಕ ಕಾದ. “ನಿನ್ನ ಆ ಚರ್ಚು... ಹೊಸಬ್ರನ್ನ ಸೇರಿಸ್ಕೋತಾರಾ?”

ಶನಿವಾರ ಬಾ ಅಂದೆ. ಅವನು ಹೋದ ಮೇಲೆ ಯೋಚನೆ ಹತ್ತಿತು. ಇನ್ನು ನಾನು ಯಾರ ಮೇಲೆ ಹಠ ಸಾಧಿಸಲಿ?

ಏಪ್ರಿಲ್ ೫

ಚರ್ಚಿನ ಪಾರ್ಕಿಂಗ್ ಲಾಟ್. ನನ್ನ ಕಾರಿನಲ್ಲಿ ಬಾಲು. ಸೀಟ್ ಬೆಲ್ಟ್ ಬಿಚ್ಚಲೊಲ್ಲ.

“ನನ್ ಕೈಲಾಗಲ್ಲ ಕಣೋ. ವಾಪಸ್ ಹೋಗೋಣ.”

ಬುದ್ಧಿ ಹೇಳೋಣವೆನ್ನಿಸಿತು. ಬುದ್ಧಿಮಾತು ನನಗೇ ನಾಟಿರಲಿಲ್ಲ. ನಾಟಿದ್ದನ್ನೇ ಕೊಟ್ಟೆ.

“ಹೌದು ಬಿಡು, ನಿನ್ ಕೈಲಾಗಲ್ಲ. ನೀನು ದೀಪಾವಳಿವರೆಗೆ ತಡ್ಕೊಂಡ್ರೆ ನಾನು ತಲೆ ಬೋಳಿಸ್ತೀನಿ.”

“ಏನಂದೆ?”

“ಕೇಳಿಸ್ತಲ್ಲ.”

ಬೆಲ್ಟ್ ಕಿತ್ತೆಸೆದ. ಬಾಗಿಲು ದಡಾರನೆ ಹಾಕಿದ. ನನಗಿಂತ ಮುಂದೆ ಮೆಟ್ಟಿಲಿಳಿದ. ಈಗ ನಾನು ಜಾರಿದರೆ ಮೊದಲು ನಗುವವನು ಇವನೇ. ಸದ್ಯ, ಹಠಕ್ಕೆ ಆಳು ಸಿಕ್ಕಿದ.

ನನ್ನ ತಲೆಯ ಮೇಲೆ ಉಳಿದಿರುವುದೇ ನಾಲ್ಕು ಕೂದಲು. ದೇವರೇ, ದೀಪಾವಳಿಗೆ ಅವೂ ಹೋಗಲಿ.