ಪಡುದಡದಲ್ಲಿ ಆದ ಬಾಣಂತನ

ಮಿಸಿಸಿಪ್ಪಿ ಹೊಳೆಯ ಮೂಡದಡ
೨೨೪೧ನೆಯ ಇಸವಿ, ಫೆಬ್ರವರಿ ಮೂವತ್ತು

ನಮಗಿಂತ ಮೊದಲು ಬಾಳಿದ ತಾಯಂದಿರಿಗೆ ದಾನಮ್ಮನ ಶರಣು.

ತಾರೀಖು ನೋಡಿ ನಗಬೇಡಿ. ಫೆಬ್ರವರಿಗೆ ಮೂವತ್ತನೆಯ ದಿನ ಸೇರಿದ್ದು ನಮ್ಮ ಅಜ್ಜಿಯ ಕಾಲದಲ್ಲಿ. ನಿಮಗೆ ಗೊತ್ತಿಲ್ಲದ ಪದಗಳು ಬಂದರೆ ಮನ್ನಿಸಿ. ನಾನು ಊರ ಶಾಲೆಯಲ್ಲಿ ಕಲಿತವಳು, ಮಾತಾಡಿದ ಹಾಗೆಯೇ ಬರೆಯುತ್ತೇನೆ. ಐವತ್ತು ತುಂಬಿದ ಹೆಂಗಸಿಗೆ ನಮ್ಮ ಮಠದವರು ಒಂದು ಹಿಂದಂಚೆ ಕೊಡುತ್ತಾರೆ, ಅಂದರೆ ಕಳೆದ ಕಾಲಕ್ಕೆ ಹೋಗುವ ಓಲೆ. ಹೆಚ್ಚಿನವರು ತೀರಿಕೊಂಡ ತಾಯಿಗೆ ಬರೆಯುತ್ತಾರೆ. ನನಗೆ ಬೇಕಾದ ಕೆಲಸ ನಿಮ್ಮಿಂದ ಮಾತ್ರ ಆಗುವಂಥದ್ದು, ಅದಕ್ಕೆ ನಿಮಗೆ ಬರೆಯುತ್ತಿದ್ದೇನೆ.

ನಾವಿರುವುದು ನಿಮ್ಮ ಕಾಲದವರು ಇಲಿನಾಯ್ ಎನ್ನುತ್ತಿದ್ದ ರಾಜ್ಯದಲ್ಲಿ. ನಾವು ಮೂಡದಡ ಎನ್ನುತ್ತೇವೆ. ಹೊಳೆಯ ಆಚೆಗೆ ಪಡುದಡ, ನಿಮ್ಮ ಅಯೋವಾ. ಎರಡೂ ಕಡೆ ಅದೇ ಬಿಳಿಜೋಳ, ಅದೇ ರೊಟ್ಟಿ, ಅದೇ ಗಾಳಿ. ಕಾನೂನು ಮಾತ್ರ ಬೇರೆ. ಅಲ್ಲಿಯ ಕೋರ್ಟು ಹೌದು ಎಂದದ್ದನ್ನು ಇಲ್ಲಿಯ ಕೋರ್ಟು ಅಲ್ಲ ಎನ್ನುತ್ತದೆ. ಇಲ್ಲಿ ಸತ್ತವರನ್ನು ಸ್ವಂತ ಹೊಲದಲ್ಲಿ ಮಣ್ಣು ಮಾಡಬಹುದು, ಅಲ್ಲಿ ಊರ ರುದ್ರಭೂಮಿಯೇ ಆಗಬೇಕು. ಅಲ್ಲಿ ಹಸು ಅಡ್ಡ ಬಂದರೆ ಬಂಡಿಯವನ ತಪ್ಪು, ಇಲ್ಲಿ ಹಸುವಿನವನ ತಪ್ಪು. ಅದಕ್ಕೇ ಪ್ರತಿ ದೋಣಿಯಲ್ಲೂ ಒಬ್ಬ ದಡಸಾರಿ ಇರುತ್ತಾಳೆ. ದೋಣಿ ನಡುಹೊಳೆಗೆ ಬಂದಾಗ ಎದ್ದು ನಿಂತು, ಮುಂದಿನ ದಡದಲ್ಲಿ ಏನೇನು ಬೇರೆ, ಯಾವ ಹೊಸ ತೀರ್ಪು ಬಂದಿದೆ ಎಂದು ಸಾರುವುದು ಆಕೆಯ ಕೆಲಸ. ಯಾರೂ ಕೇಳುವುದಿಲ್ಲ. ಕಡಲೆ ತಿನ್ನುತ್ತಾರೆ, ತೂಕಡಿಸುತ್ತಾರೆ.

ನನ್ನ ಮಗಳು ಮುಕ್ತಾಯಿಯನ್ನು ಪಡುದಡಕ್ಕೆ ಕೊಟ್ಟಿದ್ದೇವೆ. ಅವಳಿಗೆ ಬಸಿರು ನಿಲ್ಲುತ್ತಿರಲಿಲ್ಲ. ಕೊನೆಗೆ ಅಲ್ಲಿಯ ವೈದ್ಯರು ಬೇರೊಬ್ಬ ಹೆಣ್ಣುಮಗಳ ಅಂಡ ತಂದು ಇವಳ ಹೊಟ್ಟೆಯಲ್ಲಿ ಬೆಳೆಸಿದರು. ಬೀಜದಾನ ಎನ್ನುತ್ತೇವೆ. ಕೊಟ್ಟವಳು ಯಾರೆಂದು ಹೇಳುವಂತಿಲ್ಲ, ಅದು ಪಡುದಡದ ಕಾನೂನು. ಹೆತ್ತವಳೇ ತಾಯಿ, ಅದೂ ಅಲ್ಲಿಯ ಕಾನೂನೇ. ಶಿವ ಯಾರ ಕೈಯಿಂದ ಕೊಟ್ಟರೇನು ಎಂದು ನಾನು ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಅತ್ತಿದ್ದೆ.

ಏಳನೆಯ ತಿಂಗಳಲ್ಲಿ ಕುಬುಸ ಮಾಡಿದೆವು: ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಟ್ಟು, ಚೊಚ್ಚಲ ಹೆರಿಗೆಗೆ ತವರಿಗೆ ಕರೆತರುವ ಶಾಸ್ತ್ರ. ಇಷ್ಟು ದೂರ ಬಂದು, ಇಷ್ಟು ತಲೆಮಾರು ಕಳೆದರೂ ನಾವು ಬಿಡದ ಶಾಸ್ತ್ರ ಅದು. ಮನೆಗೆ ಸುಣ್ಣ ಬಳಿಸಿದ್ದೆ, ಅಂಟಿನುಂಡೆ ಕಟ್ಟಿಟ್ಟಿದ್ದೆ. ಅವಳನ್ನು ಕರೆತರುವ ದೋಣಿ ತುಂಬ ನಮ್ಮವರೇ. ದಡಸಾರಿ ಡೆಲ್ಫೀನ್ ಎದ್ದು ನಿಂತಾಗ ನಾವು ಬಯಕೆಯ ಹಾಡಿನಲ್ಲಿದ್ದೆವು. ಆಕೆಯ ದನಿ ಏರಿದಷ್ಟೂ ನಮ್ಮವರ ದನಿ ಏರಿತು. ಆಕೆಗೂ ನಾಲ್ಕು ಬಳೆ ಇಡಿಸಿ, ಸುಮ್ಮನಾಗುತ್ತಾಳೆ ಎಂದು ಯಾರೋ ನಗೆಯಾಡಿದರು.

ಆಕೆ ಹಾಡು ಮುಗಿಯುವವರೆಗೆ ಕಾದು, ನನ್ನ ಪಕ್ಕ ಬಂದು ಕೂತಳು. ನಮ್ಮವರ ನಡುವೆಯೇ ಬೆಳೆದವಳು, ನಮ್ಮ ಮಾತು ಚೆನ್ನಾಗಿ ಬರುತ್ತದೆ. ಹೋಗಿ ಬಂದು ಮಾಡುವಾಗ ಬೀಜದಾನದ ಸಂಗತಿಯನ್ನು ನಾನೇ ಆಕೆಯ ಹತ್ತಿರ ಹೇಳಿಕೊಂಡಿದ್ದೆ.

"ಹಾಡು ಚೆನ್ನಾಗಿತ್ತು, ದಾನವ್ವ. ಆದರೆ ಇವತ್ತು ನಾನು ಸಾರಿದ್ದು ನಿಮ್ಮ ಮಗಳಿಗೇ."

ಮೂಡದಡದ ಕೋರ್ಟು ಆ ವಾರವೇ ತೀರ್ಪು ಕೊಟ್ಟಿತ್ತಂತೆ. ಇಲ್ಲಿ ಹುಟ್ಟುವ ಕೂಸು ಬೀಜ ಕೊಟ್ಟವಳದು; ಆಕೆ ತಾನೇ ಕೋರ್ಟಿಗೆ ಬಂದು ಬಿಟ್ಟುಕೊಟ್ಟರೆ ಮಾತ್ರ ಹೆತ್ತವಳದು. ಆಕೆಯ ಹೆಸರನ್ನೇ ಪಡುದಡ ಮುಚ್ಚಿಟ್ಟಿದೆ, ಇನ್ನು ಬರುವವರು ಯಾರು? ಬರುವವರೆಗೆ ಕೂಸು ತೊಟ್ಟಿಲಮನೆಗೆ, ಅಂದರೆ ಸರ್ಕಾರ ಸಾಕುವ ಮನೆಗೆ. ಹೆಸರು ಹೇಳಬೇಡ ಎನ್ನುತ್ತದೆ ಒಂದು ದಡ, ಹೇಳದಿದ್ದರೆ ಮಗುವಿಲ್ಲ ಎನ್ನುತ್ತದೆ ಇನ್ನೊಂದು. ಎರಡೂ ಕಡೆಯ ನ್ಯಾಯಾಧೀಶರು ಒಳ್ಳೆಯದನ್ನೇ ಬಯಸಿದ್ದಾರು, ನಾನು ಅಲ್ಲಗಳೆಯುವುದಿಲ್ಲ.

ದೋಣಿ ನಮ್ಮ ದಡಕ್ಕೆ ಬಂದು ನಿಂತಿತು. ಹೆರಿಗೆಗೆ ಇನ್ನೂ ದಿನವಿದೆ, ಒಂದು ಹೊತ್ತು ಉಂಡು ಹೋಗಲಿ ಎಂದರು ಹೆಂಗಸರು. ಆದರೆ ಅವಳ ಹಿಂದಿನ ಬಸಿರುಗಳು ಹೇಳದೆ ಕೇಳದೆ ಇಳಿದುಹೋಗಿದ್ದವು; ಇದೂ ದಿನಕ್ಕೆ ಮುಂಚೆ ಇಲ್ಲೇ ಹುಟ್ಟಿಬಿಟ್ಟರೆ? ಮುಕ್ತಾಯಿ ಕೂತಲ್ಲಿಂದ ಏಳಲಿಲ್ಲ.

"ನಿನ್ನ ಮನೆ ನನಗೆ ಬೇಕವ್ವಾ. ಆದರೆ ಇದು ನನ್ನದಾಗಿ ಹುಟ್ಟಲಿ."

ಅದೇ ದೋಣಿಯಲ್ಲಿ ಮರಳಿದಳು. ನಾನು ಉಂಡೆಯ ಡಬ್ಬಿ, ಹರಳೆಣ್ಣೆ, ಪೂಜೆಯ ಪೆಟ್ಟಿಗೆ ಹೊತ್ತು ಮುಂದಿನ ದೋಣಿಗೆ ಹೋದೆ. ಮಗಳ ಅತ್ತೆಮನೆಯಲ್ಲಿ ತಾಯಿ ಬಾಣಂತನಕ್ಕೆ ಕೂರುವುದು ನಮ್ಮಲ್ಲಿಲ್ಲ. ತವರೇ ನಡೆದು ಬಂತಲ್ಲ, ಇನ್ನು ಸುಣ್ಣ ಬಳಿದ ಗೋಡೆಯನ್ನೂ ತರಿಸಿಬಿಡಿ ಎಂದು ಬೀಗತಿ ಬಾಗಿಲಲ್ಲೇ ಕುಟುಕಿ, ನನ್ನ ಕೈಯಿಂದ ಡಬ್ಬಿ ಇಳಿಸಿಕೊಂಡರು. ಆಮೇಲೆ ಇಬ್ಬರೂ ಒಂದೇ ಒಲೆಯ ಮುಂದೆ ಕೂತು ಬಾಣಂತಿಗೆ ನೀರು ಕಾಯಿಸಿದೆವು. ಹೆಣ್ಣು ಕೂಸು. ನೀಲವ್ವ ಎಂದು ಹೆಸರಿಟ್ಟೆವು.

ಈಗ ಅವಳಿಗೆ ಮೂರು ವರ್ಷ. ನನ್ನ ಮನೆ ಕಂಡಿಲ್ಲ. ಪಡುದಡದಲ್ಲಿ ಹುಟ್ಟಿದ ಇಂಥ ಕೂಸು ಇಲ್ಲಿ ಕಾಲಿಟ್ಟರೂ ತೊಟ್ಟಿಲಮನೆಗೆ ಒಯ್ದಾರೆಂಬ ಅಂಜಿಕೆ. ಒಂದು ರಾಜ್ಯದ ತೀರ್ಪನ್ನು ಇನ್ನೊಂದು ರಾಜ್ಯ ಮನ್ನಿಸಬೇಕೆಂದು ಈ ದೇಶದ ಹಿರಿಯರು ನಿಮ್ಮ ಕಾಲಕ್ಕೂ ಎಷ್ಟೋ ಹಿಂದೆ ಬರೆದಿಟ್ಟಿದ್ದಾರೆ. ಆ ಮಾತಿನ ಬಲದಲ್ಲಿ ಅವಳನ್ನು ಕರೆತರಬಹುದಿತ್ತು. ಆದರೆ ನಿಮಗೂ ನಮಗೂ ನಡುವಿನವರು, ಇದಕ್ಕೆ ಅದು ಸಲ್ಲದು, ಅದಕ್ಕೆ ಇದು ಸಲ್ಲದು ಎನ್ನುತ್ತ ಅದನ್ನು ಹಳೇ ಸೀರೆಯ ಹಾಗೆ ತೆಳ್ಳಗೆ ಮಾಡಿದರು. ಇಂಥ ಕೂಸುಗಳ ಮಟ್ಟಿಗೆ ಅದು ಉಳಿದಿದೆಯೋ ಇಲ್ಲವೋ ಎಂದು ದೊಡ್ಡ ಕೋರ್ಟಿನಲ್ಲಿ ಇನ್ನೂ ವಾದ ನಡೆದಿದೆ. ಅಲ್ಲಿಯವರೆಗೆ ಅವಳನ್ನು ದೋಣಿ ಹತ್ತಿಸುವ ಧೈರ್ಯ ನಮಗಿಲ್ಲ.

ಕಾನೂನು ಎಲ್ಲ ಕಡೆ ಒಂದೇ ಇರಲಿ ಎಂದು ನಾನು ಕೇಳುವುದಿಲ್ಲ. ಊರಿಗೊಂದು ಬಗೆಯ ಅಡುಗೆ ಇದ್ದ ಹಾಗೆ ಅದೂ ಇರಲಿ. ಆದರೆ ಹಿರಿಯರ ಆ ಒಂದು ಮಾತು ಸವೆಯುವುದು ಕಂಡರೆ, ಯಾರದೋ ವ್ಯಾಜ್ಯ, ನಮಗೇನು ಎಂದು ಸುಮ್ಮನಿರಬೇಡಿ. ನಿಮ್ಮ ಕೈಯಲ್ಲಿರುವಾಗ ಅದಿನ್ನೂ ಗಟ್ಟಿಯಾಗಿದೆ. ಶಿವ ನಿಮ್ಮನ್ನು ಚೆನ್ನಾಗಿಟ್ಟಿರಲಿ.

ವಾರಕ್ಕೊಮ್ಮೆ ನಾನೇ ದಾಟುತ್ತೇನೆ. ಹೊರಡುವಾಗ ನೀಲವ್ವ ದೋಣಿಕಟ್ಟೆಯವರೆಗೂ ಬಂದು ನನ್ನ ಸೆರಗು ಹಿಡಿದು ನಿಲ್ಲುತ್ತಾಳೆ. ಆ ಬೆರಳುಗಳನ್ನು ಬಿಡಿಸುವುದು ನನಗಿನ್ನೂ ರೂಢಿಯಾಗಿಲ್ಲ.