ಬೆನಕಪ್ಪನ ಕಣದಲ್ಲಿ ಓದಿದ ತಿದ್ದುಪಡಿ

ತರೀಕೆರೆ
೩೦ನೇ ಜೂನ್ ೧೯೧೩, ಸೋಮವಾರ

ನನ್ನ ತಮ್ಮ ಪಂಚಾಕ್ಷರಿಗೆ,

ನಿನ್ನ ಅಕ್ಕ ಮಲ್ಲಿಕಾಂಬ ಮನಸಾರೆ ಹರಸಿ ಬರೆಯುವುದು. ಕೆಮ್ಮು ಹೇಗಿದೆ? ಛತ್ರದ ಊಟ ಒಗ್ಗಿತೋ ಇಲ್ಲವೋ? ಕಳಿಸಿದ ಚಟ್ನಿಪುಡಿ ಮುಗಿದಿದ್ದರೆ ನಾಚಿಕೆ ಪಡದೆ ಬರೆ. ನಾವೆಲ್ಲ ಚೆನ್ನಾಗಿದ್ದೇವೆ. ಆರಿದ್ರೆ ಮಳೆ ಹದವಾಗಿ ಹುಯ್ದಿದೆ. ಇವತ್ತು ಸೋಮವಾರವಾದ್ದರಿಂದ ಎತ್ತಿನ ಹೆಗಲಿಗೆ ನೊಗ ಇಡುವ ಹಾಗಿಲ್ಲ. ಹೀಗಾಗಿ ನಿನ್ನ ಭಾವನಿಗೂ ಬಿಡುವು, ನನಗೂ ಬಿಡುವು.

ಬೆಂಗಳೂರಿನ ಕಚೇರಿಯವರು ಹೇಳಿದ್ದೇನು, ಮಾಡಿದ್ದೇನು? ನಮ್ಮ ಪತ್ರಿಕೆಯ ಅಪ್ಪಣೆ ಕಿತ್ತುಕೊಂಡ ಕಾರಣವನ್ನು ಬರೆದುಕೊಡುತ್ತೇವೆ ಅಂದರು, ಕೊಡಲಿಲ್ಲ. ನಿನ್ನನ್ನು ಕೂರಿಸಿ ವಿಚಾರಿಸುತ್ತೇವೆ ಅಂದರು. ಬಾಗಿಲಲ್ಲಿ ನಿಲ್ಲಿಸಿ ಕಳಿಸಿದರು. ಯುಗಾದಿ ಕಳೆಯಲಿ, ಅಪ್ಪಣೆ ಮರಳಿ ಕೊಡುತ್ತೇವೆ ಅಂದರು, ಕಾರಹುಣ್ಣಿಮೆಯೂ ಕಳೆಯಿತು. ಈಗ ಹೊಸ ಮಾತು ತೆಗೆದಿದ್ದಾರೆ: ದನದ ದೊಡ್ಡಿಯ ವರದಿ ಪೂರಾ ಸುಳ್ಳು ಎಂದು ನೀನು ರುಜು ಹಾಕಿಕೊಟ್ಟರೆ ನಾಳೆಯೇ ಅಚ್ಚು ಶುರು ಮಾಡಬಹುದಂತೆ. ಹಾಕಲೇ ಬೇಡವೇ ಎಂದು ನನ್ನನ್ನು ಕೇಳಿದ್ದೀಯ. ಮೊದಲು ಇಲ್ಲಿ ನಡೆದದ್ದನ್ನು ಕೇಳು.

ನೀನು ಆ ವರದಿಯಲ್ಲಿ ಬರೆದದ್ದು ಎರಡು ಸಂಗತಿ. ರೈತರ ದನ ಸರ್ಕಾರಿ ಹುಲ್ಲುಗಾವಲಿಗೆ ನುಗ್ಗಿತೆಂದು ಹಿಡಿದು ದೊಡ್ಡಿಗೆ ಕೂಡುವ ಅಜ್ಜಂಪುರದ ದರೋಗ, ದಂಡ ಕಟ್ಟಿಸಿಕೊಂಡು ರಸೀತಿ ಕೊಡುವುದಿಲ್ಲ ಎಂಬುದು ಒಂದು. ದೊಡ್ಡಿ ಕಾಯುವ ಬೆನಕಪ್ಪನಿಗೂ ಅದರಲ್ಲಿ ಪಾಲಿದೆ, ಇಲ್ಲದಿದ್ದರೆ ಆ ಬಡವನ ಮನೆ ಮುಂದೆ ಎರಡು ಜೊತೆ ಎತ್ತು ಎಲ್ಲಿಂದ ಬಂದವು ಎಂಬುದು ಇನ್ನೊಂದು. ಮೊದಲನೆಯದು ನಿಜ. ಎರಡನೆಯದು ಸುಳ್ಳು ಕಣೋ. ನಮ್ಮ ಅಚ್ಚಿನ ಮೊಳೆ ಜೋಡಿಸುವ ರಂಗಯ್ಯ ಮಗಳ ಮನೆಗೆಂದು ಅಜ್ಜಂಪುರಕ್ಕೆ ಹೋದಾಗ ತಿಳಿದುಬಂದ ಸಂಗತಿ ಇದು. ಬೆನಕಪ್ಪನಿಗಿರುವುದು ಒಂಟಿ ಎತ್ತು. ಮಿಕ್ಕವು ಅಕ್ಕಪಕ್ಕದವರದು, ಮುಯ್ಯಿಗೆ ಬಂದಿದ್ದವು. ಇವತ್ತು ನಿನ್ನ ಹೊಲಕ್ಕೆ ನನ್ನ ಎತ್ತು, ನಾಳೆ ನನ್ನ ಹೊಲಕ್ಕೆ ನಿನ್ನದು. ನೀನೂ ಉಳುವವರ ಮನೆಯಲ್ಲೇ ಹುಟ್ಟಿದವನಲ್ಲವೇ? ದರೋಗನ ವಿಚಾರಕ್ಕೆ ನೀನು ಊರೆಲ್ಲ ಸುತ್ತಿ ಕೇಳಿದೆ. ಬೆನಕಪ್ಪ ಎದುರಿಗೇ ಕೂತು ಹಗ್ಗ ಹೊಸೆಯುತ್ತಿದ್ದನಂತೆ. ಅವನನ್ನು ಒಂದು ಮಾತು ಕೇಳಲಿಲ್ಲ.

ಕೇಳದೆ ಬರೆದ ಆ ಒಂದು ಸಾಲು ಏನು ಮಾಡಿತು ಗೊತ್ತೇ? ಲಂಚದ ಎತ್ತು ಎಂಬ ಹೆಸರು ತಮಗೂ ಅಂಟೀತೆಂದು ಹೆದರಿ ಎಲ್ಲರೂ ತಮ್ಮ ತಮ್ಮ ಎತ್ತು ಬಿಚ್ಚಿಕೊಂಡು ಹೋದರು. ಮಳೆ ಬಿದ್ದು ಊರೆಲ್ಲ ಬಿತ್ತುತ್ತಿದ್ದಾಗ ಬೆನಕಪ್ಪನ ಹೊಲ ಮಾತ್ರ ಬೀಳು ನಿಂತಿತ್ತು. ದರೋಗನ ಮೀಸೆಯ ಒಂದು ಕೂದಲೂ ಕೊಂಕಲಿಲ್ಲ.

ತಿದ್ದುಪಡಿ ಹಾಕೋಣವೆಂದರೆ ಪತ್ರಿಕೆಯೇ ಇಲ್ಲ. ಅಪ್ಪಣೆಯಿಲ್ಲದೆ ಒಂದು ಹಾಳೆ ಹೊರಟರೂ ಅಚ್ಚಿನ ಯಂತ್ರವನ್ನೇ ಹೊತ್ತುಕೊಂಡು ಹೋಗುತ್ತಾರೆ. ಎಂಥ ಕಾನೂನು ನೋಡು, ನಿಜ ಹೇಳುವ ಬಾಯನ್ನು ಕಟ್ಟಿದ್ದು ಸಾಲದೆಂದು ತಪ್ಪಾಯಿತು ಅನ್ನುವ ಬಾಯನ್ನೂ ಕಟ್ಟಿದೆ! ಓದಿ ಹೇಳುವುದಕ್ಕೆ ಯಾರ ಅಪ್ಪಣೆ ಬೇಕು? ಹೋದ ಮಂಗಳವಾರ ಕೋಳಿ ಕೂಗುವ ಮೊದಲೇ ನಮ್ಮ ಎತ್ತನ್ನೇ ಹೊಡೆದುಕೊಂಡು ಅಜ್ಜಂಪುರಕ್ಕೆ ಹೊರಟೆವು. ನಿನ್ನ ಭಾವ ದಾರಿಯುದ್ದಕ್ಕೂ ಗೊಣಗಿದ್ದೇ ಗೊಣಗಿದ್ದು: "ನಿನ್ ತಮ್ಮ ಒಂದು ಸಾಲು ಬರ್ದ, ನಾನು ಒಂದು ಹೊಲ ಉಳ್ಬೇಕು."

ಬೆನಕಪ್ಪನ ಹೆಂಡತಿ ದ್ಯಾಮಮ್ಮ ಬಾಗಿಲಲ್ಲೇ ತಡೆದಳು. "ಏನವ್ವ, ಇನ್ನೇನ್ ಬರ್ಕಂಡ್ ಹೋಗಕ್ ಬಂದ್ರಿ? ಕೋಳಿ ಎರಡವೆ, ಅವನ್ನೂ ಬರ್ಕಳ್ರಿ" ಅಂದಳು. ನನಗೆ ಸರಿಯಾಗೇ ಆಯಿತು. ನೆರೆಯವರನ್ನೆಲ್ಲ ಕಣದಲ್ಲಿ ಕೂಡಿಸಿ, ಎದ್ದು ನಿಂತು ಓದಿದೆ: ಬೆನಕಪ್ಪನ ಮನೆ ಮುಂದೆ ಕಂಡ ಎತ್ತು ಮುಯ್ಯಿಯವು, ಅವನನ್ನು ಕೇಳದೆ ಬರೆದೆವು, ತಪ್ಪು ನಮ್ಮದು. ಬೆನಕಪ್ಪ ತಲೆ ಎತ್ತಲೇ ಇಲ್ಲ. ಕೂತಲ್ಲಿಂದಲೇ, "ಇನ್ನೊಂದ್ಸಲ ಓದವ್ವ, ತಮ್ಮಯ್ಯಂಗೆ ಕಿವಿ ಮಂದ" ಅಂದ. ಮೊದಲು ಎತ್ತು ಬಿಚ್ಚಿಕೊಂಡು ಹೋದವನೇ ಆ ತಮ್ಮಯ್ಯ! ಕೆರೆ ಏರಿಗೆ ಕೇಳುವ ಹಾಗೆ ಓದಿದೆ. ನಿನ್ನ ಭಾವ ಗೊಣಗಾಟ ಬಿಟ್ಟು ನೊಗ ಎತ್ತಿದರು. ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ತಮ್ಮಯ್ಯ, "ನಮ್ದೂ ಒಂದ್ ಇರ್ಲಿ ತಗಳ್ರಿ" ಎಂದು ತನ್ನ ಎತ್ತು ತಂದು ನಿಲ್ಲಿಸಿದ. ಅವನ ಹಿಂದೆ ಮಿಕ್ಕವರೂ ಬಂದರು. ದ್ಯಾಮಮ್ಮ ಕೊಟ್ಟ ರೊಟ್ಟಿ, ಹುಚ್ಚೆಳ್ಳು ಚಟ್ನಿಯ ರುಚಿ ಇನ್ನೂ ನಾಲಿಗೆಯ ಮೇಲಿದೆ. ಎಷ್ಟೋ ತಿಂಗಳ ಮೇಲೆ ನೆಮ್ಮದಿಯಾಗಿ ನಿದ್ದೆ ಮಾಡಿದೆ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ರುಜು ಹಾಕಬೇಡ. ಕಚೇರಿ ನಮಗೆ ಹಾಕುವ ಬೇಲಿ ಬೇರೆ, ಬರೆಯುವವರು ತಮಗೆ ತಾವೇ ಹಾಕಿಕೊಳ್ಳಬೇಕಾದ ಬೇಲಿ ಬೇರೆ. ನೀನು ತುಳಿದದ್ದು ಎರಡನೆಯದನ್ನು. ಅದಕ್ಕೆ ಬೆನಕಪ್ಪನ ಮುಂದೆ ತಲೆ ತಗ್ಗಿಸು, ನಾನು ಓದಿದ್ದು ಸಾಲದು, ನೀನೇ ಬಂದು ಹೇಳು. ದರೋಗನ ಮುಂದೆ ಯಾಕೆ ತಗ್ಗಿಸಬೇಕು? ಅವನ ವಿಷಯದಲ್ಲಿ ಒಂದು ಅಕ್ಷರವನ್ನೂ ವಾಪಸು ತೆಗೆಯಬೇಡ. ನಿಜವನ್ನು ಸುಳ್ಳೆಂದು ರುಜು ಮಾಡಿ ಪಡೆದ ಪತ್ರಿಕೆ ನಮ್ಮ ಮನೆಯಲ್ಲಿ ಒಲೆ ಹೊತ್ತಿಸುವುದಕ್ಕೂ ಬೇಡ.

ಭಾವ ನಿನ್ನನ್ನು ಕೇಳಿದ್ದಾರೆ. ರಂಗಯ್ಯ ದಿನವೂ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದಾನೆ. ಎದೆಗೆ ಬೆಚ್ಚಗೆ ಹೊದ್ದುಕೋ, ನೂರು ಕಾಲ ಬಾಳು.

ನಿನ್ನ ಅಕ್ಕ
ಮಲ್ಲಿಕಾಂಬ

ಇನ್ನೊಂದು ಮಾತು: ಕಾಗದ ಟಪಾಲಿಗೆ ಹಾಕುವಷ್ಟರಲ್ಲಿ ಬೆನಕಪ್ಪ ಬಂದ. ಜಿಲ್ಲೆಯ ಸಾಹೇಬರು ಕಡೂರಿನ ಬಂಗಲೆಯಲ್ಲಿ ರೈತರ ಅಹವಾಲು ಕೇಳುತ್ತಾರಂತೆ. "ನನ್ ಹೊಲಕ್ ಹೂಡಿದ್ರಲ್ಲ, ಆ ಮುಯ್ಯಿ ತೀರಿಸ್ಬೇಕು. ನನ್ ಒಂಟಿ ಎತ್ತು ನಿಮಗ್ಯಾಕೆ? ರಸೀತಿ ಕೊಡ್ದೆ ದಂಡ ತಗಂಡಿದ್ದ ಕಣ್ಣಾರೆ ಕಂಡಿವ್ನಿ, ಸಾಹೇಬ್ರ ಮುಂದೆ ಹೇಳ್ತೀನಿ" ಅಂದ. ಕೆಲಸ ಹೋದೀತು ಕಣಪ್ಪಾ ಅಂದೆ. "ಹೋಗ್ಲಿ ಬುಡವ್ವ, ಹೊಲ ಬಿತ್ತಿ ಆಯ್ತಲ್ಲ" ಎಂದು ನಕ್ಕ. ಅವನ ಪಕ್ಕದಲ್ಲಿ ನೀನು ನಿಂತಿರಬೇಕು. ಈ ಕಾಗದ ಕೈಸೇರಿದ ಕೂಡಲೇ ರೈಲು ಹತ್ತು. ಜುಲೈ ಐದು, ಶನಿವಾರ, ಬೆಳಗ್ಗೆ ಹತ್ತು ಗಂಟೆ, ಕಡೂರಿನ ಬಂಗಲೆ.